ಒಂದು ಬೆರಳಿನ ಇಳಿಜಾರು

ಫೆಬ್ರವರಿ ೯

ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗೆ ಅಣ್ಣ, ಅತ್ತಿಗೆ ಮಲಗಿದ್ದಾರೆ. ಮಲಗಿದ್ದಾರೆ ಅಂದರೆ ದೀಪ ಆರಿಸಿದ್ದಾರೆ, ಅಷ್ಟೆ. ಒಂದೇ ಕೋಣೆಯ ಮನೆ. ನಾನು ಮಗ್ಗುಲು ಬದಲಿಸಿದರೆ ಅವರಿಗೆ ಕೇಳಿಸುತ್ತದೆ, ಅವರು ಉಸಿರು ಬಿಟ್ಟರೆ ನನಗೆ ಕೇಳಿಸುತ್ತದೆ. ಅದಕ್ಕೇ ಫೋನ್ ಹಿಡಿದುಕೊಂಡು ಹೊರಗೆ ಬಂದೆ. ಬರೆಯುವ ಅಭ್ಯಾಸ ನನಗಿಲ್ಲ, ಬಾಯಿ ಮಾತ್ರ ಇದೆ. ಕೇಳುವವರು ಯಾರೂ ಇಲ್ಲದಾಗ ಫೋನಾದರೂ ಕೇಳಲಿ.

ಅಣ್ಣ ಮಾತು ಬಿಟ್ಟಿದ್ದಾನೆ. ಉದ್ದಣ್ಣ ಸತ್ತ ದಿನದಿಂದ ಹೂಂ, ಉಹೂಂ, ಮುಗೀತು. ಉದ್ದಣ್ಣ ಅಂದರೆ ಪಕ್ಕದ ಮನೆಯವನು, ಅಣ್ಣನ ಜೊತೆ ಕಲ್ಲುಗಣಿಯ ಸೈಡಿಂಗಿನಲ್ಲಿ ಕೆಲಸ ಮಾಡುತ್ತಿದ್ದವನು. ಬಾಗಿಲಲ್ಲಿ ಬಗ್ಗದೆ ಒಳಗೆ ಬರಲಾಗದಷ್ಟು ಎತ್ತರ. ನನ್ನನ್ನು ನೋಡಿದಾಗಲೆಲ್ಲ "ಏನಪ್ಪಾ ಪ್ರವಾಸಿ, ಇನ್ನೂ ಇಲ್ಲೇ ಇದೀಯಾ" ಅನ್ನುತ್ತಿದ್ದ.

ಸೈಡಿಂಗ್ ಅಂದರೆ ದೊಡ್ಡ ರೈಲು ದಾರಿಯಿಂದ ಕವಲೊಡೆದು ಗಣಿಯೊಳಗೆ ಬಂದು ಮುಗಿಯುವ ಒಂಟಿ ಹಳಿ. ಇಂಜಿನ್ ಖಾಲಿ ವ್ಯಾಗನ್‌ಗಳನ್ನು ಮೇಲ್ತುದಿಯಲ್ಲಿ ಬಿಟ್ಟು ಹೊರಟುಹೋಗುತ್ತದೆ. ಆಮೇಲೆ ಎಲ್ಲ ಮನುಷ್ಯರದೇ ಕೆಲಸ. ಅಣ್ಣ "ಬಿಟ್ಟೇ" ಎಂದು ಕೂಗಬೇಕು, ಕೆಳಗಿನಿಂದ "ಬಿಡೂ" ಎಂದು ಉತ್ತರ ಬರಬೇಕು, ಆಗ ಚಕ್ರದ ಅಡಿಗೆ ಹಾರೆ ಕೊಟ್ಟು ಮೀಟಬೇಕು. ವ್ಯಾಗನ್ ಇಳಿಜಾರಿನಲ್ಲಿ ತಾನಾಗಿ ಉರುಳಿ ಜಲ್ಲಿ ಸುರಿಯುವ ತೊಟ್ಟಿಯ ಕೆಳಗೆ ಬರುತ್ತದೆ. ಬ್ರೇಕ್ ತಿರುವಿ ನಿಲ್ಲಿಸಿ ತುಂಬಿಸುತ್ತಾರೆ. ತುಂಬಿದ ಮೇಲೆ ಮತ್ತೆ ಕೂಗು, ಮತ್ತೆ ಹಾರೆ, ವ್ಯಾಗನ್ ಕೆಳತುದಿಗೆ. ಅಲ್ಲಿ ಉದ್ದಣ್ಣ ಒಂದಕ್ಕೊಂದು ಕೊಂಡಿ ಸಿಕ್ಕಿಸುತ್ತಿದ್ದ.

ಅವತ್ತು ತುಂಬಿದ ವ್ಯಾಗನ್ ಒಂದು ಕೂಗಿಲ್ಲದೆ ಇಳಿಯಿತು. ಉದ್ದಣ್ಣ ಎರಡು ವ್ಯಾಗನ್‌ಗಳ ನಡುವೆ ಬಗ್ಗಿದ್ದ.

ಅಣ್ಣ ಅವತ್ತು ಹೇಳಿದ್ದು ಇಷ್ಟೇ: ನಾನು ಮುಟ್ಟಿಲ್ಲ, ಹಾರೆ ಶೆಡ್ಡಿನ ಗೋಡೆಗೆ ಒರಗಿಸಿದ್ದೆ, ನಾನು ನೀರು ಕುಡೀತಿದ್ದೆ, ಬ್ರೇಕ್ ಸವೆದಿತ್ತು, ವ್ಯಾಗನ್ ತಾನಾಗಿ ಜಾರಿತು. ಕಂಪನಿ ಹೇಳುವುದು: ಅಲ್ಲಿ ನೆಲ ಹೆಚ್ಚುಕಡಿಮೆ ಮಟ್ಟಸವಾಗಿದೆ, ಹಾರೆ ಹಾಕದೆ ಯಾವ ವ್ಯಾಗನ್ನೂ ಹೊರಡುವುದಿಲ್ಲ, ಕೂಗದೆ ಬಿಟ್ಟಿದ್ದಾನೆ. ಏಪ್ರಿಲ್‌ನಲ್ಲಿ ವಿಚಾರಣೆ. ಅಲ್ಲಿಯತನಕ ಅಣ್ಣನಿಗೆ ಕೆಲಸವಿಲ್ಲ. ತೀರ್ಪು ನಮ್ಮ ವಿರುದ್ಧ ಬಂದರೆ ಮನೆಯೂ ಇಲ್ಲ, ಇದು ಕಂಪನಿಯ ಮನೆ.

ದಪ್ಪ ಕನ್ನಡಕದ ನನ್ನ ಹಳೆ ಗೆಳೆಯ ಸೋಡಾಬುಡ್ಡಿ ಬಂದರಿನಿಂದ ಫೋನ್ ಮಾಡಿದ್ದ. "ಹಡಗುಕಟ್ಟೆಯಲ್ಲಿ ಜನ ಬೇಕಂತೆ, ಬಾರೋ" ಅಂದ. ಹೋಗಬೇಕು. ಒಂದೇ ಊರಿನಲ್ಲಿ ಮೂರು ತಿಂಗಳು ದಾಟಿದರೆ ನನ್ನ ಅಂಗಾಲು ಉರಿಯುತ್ತದೆ. ವಿಚಾರಣೆ ಮುಗಿದ ಮರುದಿನವೇ ಗಂಟು ಕಟ್ಟುವುದು.

ಫೆಬ್ರವರಿ ೧೩

ಸೈಡಿಂಗ್ ಕೀಳುತ್ತಾರಂತೆ. ಇನ್ನು ಜಲ್ಲಿಯೆಲ್ಲ ಲಾರಿಯಲ್ಲಿ ಹೋಗುವುದಂತೆ. ವಿಚಾರಣೆಯ ಅಧಿಕಾರಿ ಬರುವಷ್ಟರಲ್ಲಿ ಹಳಿಯೂ ಇರುವುದಿಲ್ಲ, ಇಳಿಜಾರೂ ಇರುವುದಿಲ್ಲ, ನೆಲ ಸಮ ಮಾಡಿ ಲಾರಿ ನಿಲ್ಲಿಸುತ್ತಾರೆ. ಯೂನಿಯನ್ ಕಾರ್ಯದರ್ಶಿ ಬಂದು ಹೇಳಿ ಹೋದರು. "ಫೋಟೋ ತೆಗೆದಿಡೋಣ" ಅಂದರು. ಫೋಟೋದಲ್ಲಿ ಇಳಿಜಾರು ಕಾಣುತ್ತದೆಯೇ? ನಾನು ತೆಗೆದು ನೋಡಿದೆ. ಅಂಗೈ ಥರ ಚಪ್ಪಟೆ. ಕಂಪನಿಯವರೇ ದುಡ್ಡು ಕೊಟ್ಟು ತೆಗೆಸಿದ ಹಾಗಿದೆ.

ಆಗ ನನಗೆ ಹೊಳೆಯಿತು. ಹಿಂದಿನ ಊರಿನಲ್ಲಿ ಒಂದು ದೊಡ್ಡ ಅಂಗಡಿಯ ಗಾಜಿನ ಹಿಂದೆ ಪುಟ್ಟ ರೈಲು ಓಡುವುದನ್ನು ನೋಡಿದ್ದೆ. ಸುರಂಗ, ನಿಲ್ದಾಣ, ಎಲ್ಲ ಇತ್ತು. ಸೈಡಿಂಗನ್ನೂ ಹಾಗೆ ಮಾಡಿದರೆ? ನಾನು ಕೆಲಸಕ್ಕಿರುವುದು ಫರ್ನಿಚರ್ ಅಂಗಡಿಯಲ್ಲಿ. ಪ್ಲೈವುಡ್ ಚೂರು, ಅಂಟು, ಮರ ಉಜ್ಜುವ ಉಪ್ಪುಕಾಗದ, ಯಾವುದಕ್ಕೂ ಬರವಿಲ್ಲ. ಅಳತೆಗೆ ಸರಿಯಾಗಿ ಮಾಡಿ ಅಧಿಕಾರಿಯ ಮುಂದಿಟ್ಟು, ನೋಡಿ ಸ್ವಾಮಿ, ವ್ಯಾಗನ್ ತಾನಾಗಿ ಹೊರಡುತ್ತದೆ ಎಂದು ಕಣ್ಣಾರೆ ತೋರಿಸುವುದು.

ಅತ್ತಿಗೆಗೆ ಹೇಳಿದೆ.

"ರೈಲಾಟ ಆಡೋ ವಯಸ್ಸೇನೋ ನಿಂದು?"

"ಆಟ ಅಲ್ಲ ಅತ್ತಿಗೆ, ಸಾಕ್ಷಿ."

"ಸಾಕ್ಷಿ ಎಲ್ಲಿಡ್ತೀಯಾ? ನನ್ನ ತಲೆ ಮೇಲಾ? ಈ ಮನೇಲಿ ಚಾಪೆ ಬಿಡಿಸಿದ್ರೆ ಚೊಂಬು ಇಡೋಕೆ ಜಾಗ ಇಲ್ಲ."

ಬೇಡ ಅನ್ನಲಿಲ್ಲ. ಅತ್ತಿಗೆ ಬಯ್ದರೆ ಒಪ್ಪಿದ ಹಾಗೆ.

ಫೆಬ್ರವರಿ ೧೬

ರಜೆ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಸಾಲ ತಂದೆ. ಒಬ್ಬನೇ ಹೊರಟಿದ್ದೆ, ಹಿಂದೆ ಚಪ್ಪಲಿ ಸದ್ದು. ಅಣ್ಣ. ಕರೆದಿರಲಿಲ್ಲ. ಪೈಪಿನ ಇನ್ನೊಂದು ತುದಿ ಹಿಡಿದ.

ಮೇಲ್ತುದಿಯಿಂದ ಶುರು ಮಾಡಿ ಗುರುತು ಹಾಕುತ್ತ ಹಾಕುತ್ತ ಇಳಿದೆವು. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದಲ್ಲ, ನೆಲ ಎಷ್ಟು ತಗ್ಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಇನ್ನೂರು ಹೆಜ್ಜೆ ಉದ್ದಕ್ಕೆ ಒಟ್ಟು ಇಳಿದದ್ದು ಅಣ್ಣನ ಸೊಂಟದಷ್ಟು. ಕಣ್ಣಿಗೆ ಒಂದಿಷ್ಟೂ ಕಾಣಿಸುವುದಿಲ್ಲ, ಆದರೆ ಇದೆ. ಪೈಪು ಸುಳ್ಳು ಹೇಳುವುದಿಲ್ಲ. ನನಗೆ ಕುಣಿಯುವಷ್ಟು ಖುಷಿ. ಮಟ್ಟಸವಂತೆ ಮಟ್ಟಸ.

ಕೆಳತುದಿಗೆ ಬಂದಾಗ ಅಣ್ಣ ಪೈಪನ್ನು ನನ್ನ ಕೈಗೆ ಕೊಟ್ಟು ಹಿಂದಕ್ಕೆ ಹೋಗಿ ನಿಂತ. ಕೊನೆಯ ಅಳತೆಯನ್ನು ನಾನೊಬ್ಬನೇ ಪೈಪಿಗೆ ಕಲ್ಲು ಕಟ್ಟಿ ತೆಗೆದುಕೊಂಡೆ.

ಫೆಬ್ರವರಿ ೨೪

ಹಳೆ ಸಾಮಾನಿನ ಅಂಗಡಿಯಲ್ಲಿ ಮುರಿದ ಆಟದ ರೈಲು ಒಂದು ಸಿಕ್ಕಿತು. ಇಂಜಿನ್ ಸತ್ತಿದೆ, ಹಳಿ, ಚಕ್ರ ಚೆನ್ನಾಗಿವೆ. ನಮಗೂ ಇಂಜಿನ್ ಬೇಡ. ಎರಡು ಹಲಗೆ ಜೋಡಿಸಿ ಎಂಟಡಿ ಮಾಡಿದೆ. ಈ ಅಳತೆಗೆ ಅಣ್ಣನ ಸೊಂಟ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದರೆ ಬಂದದ್ದು ಒಂದು ಬೆರಳಿನ ಅಗಲ. ಅಂದರೆ ಮೇಲ್ತುದಿ ಕೆಳತುದಿಗಿಂತ ಒಂದು ಬೆರಳು ಎತ್ತರ.

ಇವತ್ತು ಶೆಡ್ಡು ಅಂಟಿಸುತ್ತಿದ್ದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಣ್ಣ ಯಾವಾಗ ತಿರುಗಿದನೋ.

"ಬಾಗಿಲು ಆ ಕಡೆ ಅಲ್ಲ," ಅಂದ.

ಅತ್ತಿಗೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಹಾಗೇ ನಿಂತಿತು. ನಾನು ಏನೂ ಆಗದವನ ಹಾಗೆ, "ಮತ್ತೆ ಎಲ್ಲಿ?" ಅಂದೆ.

"ಹಳಿ ಕಡೆ. ಗಾಳಿ ಬಂದ್ರೆ ಧೂಳು ನೇರ ಒಳಗೆ. ಅದಕ್ಕೇ ಗೋಣಿಚೀಲ ಕಟ್ಟಿದ್ವಿ."

ಗೋಣಿಚೀಲಕ್ಕೆ ಅತ್ತಿಗೆಯೇ ಒಂದು ಚಿಂದಿ ಕತ್ತರಿಸಿ ಕೊಟ್ಟರು. ಆಮೇಲೆ ನೀರಿನ ಡ್ರಮ್ಮು, ಅದರ ಕೆಳಗೆ ಎರಡು ಕಲ್ಲು, ಆ ಕಲ್ಲಿನಲ್ಲಿ ಒಂದು ಚಿಕ್ಕದು. ಒಂದಾದ ಮೇಲೊಂದು ಹೇಳುತ್ತಲೇ ಹೋದ. ನನಗೆ ಬೇಕಾಗಿದ್ದದ್ದು ಇಳಿಜಾರು ಮಾತ್ರ, ಡ್ರಮ್ಮಿನಿಂದ ಅಧಿಕಾರಿಗೆ ಏನಾಗಬೇಕು? ಆದರೆ ಹೇಳಲಿ. ಎಷ್ಟು ಡ್ರಮ್ಮು ಬೇಕಾದರೂ ಮಾಡಿಕೊಡುತ್ತೇನೆ.

ಮಾರ್ಚ್ ೪

ಗಣಿಯಿಂದ ಧೂಳು ತಂದು ಹಲಗೆಯ ಮೇಲೆ ಅಂಟು ಬಳಿದು ಉದುರಿಸಿದೆವು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

"ದಿನಾ ಎರಡು ಸಲ ಗುಡಿಸಿ ಧೂಳು ಆಚೆ ಹಾಕ್ತೀನಿ. ನೀವಿಬ್ಬರೂ ಚೀಲದಲ್ಲಿ ತಂದು ಅಂಟು ಹಾಕಿ ಅಂಟಿಸ್ತಾ ಇದೀರಾ."

ಅಣ್ಣ ನಕ್ಕ. ನಕ್ಕ ಅಂದರೆ ಮೂಗಿನಲ್ಲಿ ಗಾಳಿ ಬಿಟ್ಟ. ನಮಗೆ ಅಷ್ಟೇ ಸಾಕಾಯಿತು.

ಹಲಗೆ ಗೋಡೆಯಿಂದ ಗೋಡೆಗೆ, ಎರಡು ಗಿಡ್ಡ ಸ್ಟೂಲುಗಳ ಮೇಲೆ. ನಾವು ಮೂವರೂ ಅದರ ಕೆಳಗೆ ಮಲಗುತ್ತೇವೆ. ಬೆಳಗ್ಗೆ ಮರೆತು ಎದ್ದರೆ ಹಣೆಗೆ ಬುಗುಟು. ಅತ್ತಿಗೆಗೆ ಈಗಾಗಲೇ ಎರಡು ಬಂದಿವೆ.

ಮಾರ್ಚ್ ೧೨

ವ್ಯಾಗನ್ ಮುಗಿಯಿತು. ನಾಲ್ಕು. ಪಕ್ಕದ ಕಬ್ಬಿಣದ ಬಾಗಿಲು, ಬ್ರೇಕಿನ ಚಕ್ರ, ತುಕ್ಕಿನ ಬಣ್ಣ. ಅಂಗಡಿಯ ಯಜಮಾನ ಕೂಡ ನೋಡಿ, "ಕುರ್ಚಿ ಕಾಲು ಇಷ್ಟು ಶ್ರದ್ಧೆಯಿಂದ ಮಾಡಿದ್ರೆ ನಾನು ಉದ್ಧಾರ ಆಗ್ತಿದ್ದೆ" ಅಂದರು.

ಮೂರನ್ನು ಕೆಳತುದಿಯಲ್ಲಿ ನಿಲ್ಲಿಸಿದೆ. ಒಂದಕ್ಕೆ ನಿಜವಾದ ಜಲ್ಲಿಪುಡಿ ತುಂಬಿ ತೊಟ್ಟಿಯ ಕೆಳಗಿಟ್ಟೆ. ಅಣ್ಣ ಬಂದು ಮಂಡಿಯೂರಿ ಕೂತ. ಅತ್ತಿಗೆ ಕೈ ಒರೆಸಿಕೊಂಡು ಬಂದರು. ಬೆರಳು ತೆಗೆದೆ.

ನಿಂತೇ ಇತ್ತು.

ಒಂದು ಸಲ ಹಲಗೆ ತಟ್ಟಿದೆ. ನಿಂತೇ ಇತ್ತು. ಉಗುರಿನಿಂದ ಒಂದು ಚೂರು ನೂಕಿದೆ. ಒಂದು ಗೇಣು ಹೋಗಿ ಮತ್ತೆ ನಿಂತಿತು.

"ಎಣ್ಣೆ ಬೇಕು," ಅಂದೆ. 

ಮಾರ್ಚ್ ೧೩

ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದೆ. ಇಲ್ಲ.

ಮಾರ್ಚ್ ೧೪

ಸೀಸದ ತುಂಡು ತುಂಬಿ ಭಾರ ಮಾಡಿದೆ. ಇಲ್ಲ. ಹಳಿ ಉಜ್ಜಿದೆ. ಚಕ್ರ ಉಜ್ಜಿದೆ. ಇಲ್ಲ.

ಮಾರ್ಚ್ ೧೭

ಇವತ್ತು ಪಕ್ಕದ ಮನೆ ಅಕ್ಕ ಬಂದರು. ಉದ್ದಣ್ಣನ ಹೆಂಡತಿ. ಅವರು ಮೊದಲಿನಿಂದಲೂ ನಮ್ಮ ಪರ. ಕಂಪನಿಯವರು ಮನೆಗೆ ಬಂದು ಅಣ್ಣನ ಮೇಲೆ ಹೇಳಿಕೆ ಕೊಡಿ ಎಂದಾಗ, "ಅವರು ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ" ಎಂದು ಕಳಿಸಿದ್ದರು. ನೀರು ಹಿಡಿಯುವ ಕಡೆ ಅತ್ತಿಗೆ ಇದರ ಬಗ್ಗೆ ಏನೋ ಹೇಳಿರಬೇಕು. ಬಂದು ಬಾಗಿಲಲ್ಲೇ ನಿಂತರು.

"ಒಳಗೆ ಬಾರೇ," ಅಂದರು ಅತ್ತಿಗೆ.

ಅಕ್ಕ ಹಲಗೆಯ ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದರು. ಗೋಣಿಚೀಲ ಮುಟ್ಟಿದರು. "ಇದು ನಾನು ಕೊಟ್ಟ ಚೀಲ," ಅಂದರು, ಅದು ಅತ್ತಿಗೆ ಕತ್ತರಿಸಿದ ಚಿಂದಿ ಎಂದು ಗೊತ್ತಿದ್ದೂ. ಆಮೇಲೆ ಕೇಳಿದರು.

"ಅವರು ಎಲ್ಲಿ ನಿಂತಿದ್ರು?"

ನಾನು ಮನುಷ್ಯರನ್ನು ಮಾಡಿರಲಿಲ್ಲ. ಒಬ್ಬರನ್ನೂ. ಹೊಳೆದಿರಲೂ ಇಲ್ಲ. ಅಣ್ಣ ಬೆರಳು ಚಾಚಿ ಕೆಳತುದಿಯ ಎರಡನೇ ವ್ಯಾಗನ್ ಹತ್ತಿರ ತೋರಿಸಿದ. ಅಕ್ಕ ತೊಟ್ಟಿಯ ಕೆಳಗಿನ ವ್ಯಾಗನ್ ನೋಡಿದರು, ಅಲ್ಲಿಂದ ಇಲ್ಲಿಗೆ ನೋಡಿದರು.

"ಇಷ್ಟೇ ದೂರಾನಾ?"

"ನಿಜದಲ್ಲಿ ಜಾಸ್ತಿ ಅಕ್ಕ. ಅರವತ್ತು ಹೆಜ್ಜೆ ಮೇಲೆ," ಅಂದೆ.

"ಅಷ್ಟು ದೂರ ಬರೋತನಕ ಕಾಣ್ಲಿಲ್ವಾ ಅವರಿಗೆ?"

"ಕೂಗು ಬಂದಿರ್ಲಿಲ್ಲ. ಕೂಗಿಲ್ಲದೆ ಯಾರೂ ತಲೆ ಎತ್ತಲ್ಲಮ್ಮ," ಅಂದ ಅಣ್ಣ.

ಅಕ್ಕ ತುಂಬಿದ ವ್ಯಾಗನ್ ಮೇಲೆ ಬೆರಳಿಟ್ಟು ತೆಗೆದರು. ಅದು ಅಲ್ಲಾಡಲಿಲ್ಲ. ಮತ್ತೊಮ್ಮೆ ಇಟ್ಟು ತೆಗೆದರು.

"ತಾನಾಗಿ ಹೋಗಲ್ಲ ಅಲ್ವಾ ಇದು?"

"ಅದು ಆಟದ ಚಕ್ರ ಅಕ್ಕ, ಇನ್ನೂ ಸರಿ ಮಾಡ್ಬೇಕು," ಅಂದೆ. ನನ್ನ ದನಿ ನನಗೇ ಮಾರಾಟಗಾರನ ಥರ ಕೇಳಿಸಿತು. ಅಕ್ಕ ತಲೆಯಾಡಿಸಿ ಎದ್ದರು. ಹೋಗುವಾಗ ಅಣ್ಣನಿಗೆ ಬರ್ತೀನಿ ಅನ್ನಲಿಲ್ಲ. ಮರೆತಿರಬಹುದು.

ಮಾರ್ಚ್ ೨೦

ಅಂಗಡಿಯಿಂದ ಬಂದಾಗ ಅಣ್ಣ ಒಬ್ಬನೇ ಇದ್ದ. ವ್ಯಾಗನ್ ಮೇಲೆ ಬೆರಳಿಡುತ್ತಿದ್ದ, ತೆಗೆಯುತ್ತಿದ್ದ. ಅತ್ತಿಗೆ ಹೇಳಿದರು, ಬೆಳಗ್ಗೆಯಿಂದ ಇದೇ ಅಂತೆ.

ಊಟಕ್ಕೆ ಕೂತಾಗ ಅಂದ, "ಎಷ್ಟು ವರ್ಷದಿಂದ ಹಾರೆ ಹಾಕ್ತಿದ್ದೆ. ಕೈಗೇ ಅಭ್ಯಾಸ ಆಗಿರುತ್ತೆ."

"ಅದಕ್ಕೆ?" ಅಂದರು ಅತ್ತಿಗೆ.

"ಮನೆಗೆ ಬೀಗ ಹಾಕಿದ್ವೋ ಇಲ್ವೋ ಅಂತ ಅರ್ಧ ದಾರೀಲಿ ಯೋಚನೆ ಬರಲ್ವಾ? ಹಾಗೆ."

"ನೀರು ಕುಡೀತಿದ್ರಿ ನೀವು. ನೀವೇ ಹೇಳಿದ್ದು."

"ಯಾವ ದಿನದ ನೀರೋ. ದಿನಾ ಕುಡೀತಿದ್ದೆ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ. ಮಾತಾಡಲಿ, ಮಾತಾಡಲಿ ಅಂತ ಒಂದು ತಿಂಗಳು ಹಾತೊರೆದೆವು. ಈಗ ಮಾತಾಡುತ್ತಿದ್ದಾನೆ.

ಸೋಡಾಬುಡ್ಡಿ ಫೋನ್ ಮಾಡಿದ. ಎತ್ತಲಿಲ್ಲ.

ಮಾರ್ಚ್ ೨೮

ಇವತ್ತು ಒಂದು ಸಂಗತಿ ಗೊತ್ತಾಯಿತು. ಅಂಗಡಿಯಲ್ಲಿ ಹಲಗೆ ಸಾಗಿಸುವ ಕಬ್ಬಿಣದ ಗಾಡಿ ಇದೆ. ಖಾಲಿ ಇದ್ದರೆ ಹಜಾರದಲ್ಲಿ ಬಿಟ್ಟಲ್ಲಿ ನಿಲ್ಲುತ್ತದೆ. ಇವತ್ತು ತಲೆಯೆತ್ತರಕ್ಕೆ ಪ್ಲೈವುಡ್ ಹೇರಿ ಬಿಟ್ಟು ನೀರು ಕುಡಿಯಲು ಹೋಗಿದ್ದೆ. ತಿರುಗಿ ನೋಡಿದರೆ ಗಾಡಿ ಸದ್ದಿಲ್ಲದೆ ಹೊರಟಿದೆ. ಮೊದಲು ಇರುವೆ ಥರ, ಆಮೇಲೆ ನಡಿಗೆ, ಆಮೇಲೆ ಹಿಡಿಯಲು ಓಡಬೇಕಾಯಿತು. ಗೋಲಿ ಇಟ್ಟರೂ ಉರುಳದ ನೆಲ ಅದು.

ಅಂದರೆ ದೊಡ್ಡದರ ದಾರಿ ಬೇರೆ, ಚಿಕ್ಕದರ ದಾರಿ ಬೇರೆ. ಚಿಕ್ಕ ಚಕ್ರಕ್ಕೆ ಒಂದು ಕೂದಲು ಅಡ್ಡ ಸಿಕ್ಕರೂ ಬಂಡೆಯಿದ್ದ ಹಾಗೆ. ಭಾರಿ ವ್ಯಾಗನ್ ಹೊರಟರೆ ಅದಕ್ಕೆ ಜಲ್ಲಿಯೂ ಲೆಕ್ಕಕ್ಕಿಲ್ಲ. ನಾನು ಎಲ್ಲವನ್ನೂ ಅಳತೆಗೆ ಸರಿಯಾಗಿ ಚಿಕ್ಕದು ಮಾಡಿದೆ, ಉರುಳುವುದನ್ನು ಹೇಗೆ ಚಿಕ್ಕದು ಮಾಡುವುದು? ಅದು ಅಳತೆ ಕೋಲಿಗೆ ಸಿಗುವುದಿಲ್ಲ.

ಮಧ್ಯಾಹ್ನವೇ ಅಣ್ಣನನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಗಾಡಿಗೆ ಮತ್ತೆ ಹೇರಿ ಬಿಟ್ಟು ತೋರಿಸಿದೆ. ಹೊರಟಿತು. ಅಣ್ಣ ನೋಡಿದ. ಓಡಿ ಹೋಗಿ ಹಿಡಿದವನೂ ಅವನೇ, ಎರಡೂ ಕೈ ಚಾಚಿ, ಮೈಯೆಲ್ಲ ಅಡ್ಡ ಕೊಟ್ಟು.

"ನೋಡಿದ್ಯಾ? ತಾನಾಗಿ ಹೋಯ್ತಾ ಇಲ್ವಾ?"

"ಇದು ಗಾಡಿ," ಅಂದ. "ಇದಕ್ಕೆ ರಬ್ಬರ್ ಚಕ್ರ. ಮನೇಲಿರೋದು ಅದೇ ಸೈಡಿಂಗು. ನೀನು ಅಷ್ಟು ಸರಿಯಾಗಿ ಮಾಡಿದೀಯಾ. ಡ್ರಮ್ಮಿನ ಕೆಳಗಿನ ಕಲ್ಲು ಕೂಡ ತಪ್ಪಿಲ್ಲ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಲ್ಲು ಸರಿ ಇದೆ ಅಂತ ವ್ಯಾಗನ್ನನ್ನೂ ನಂಬುತ್ತಿದ್ದಾನೆ.

ಏಪ್ರಿಲ್ ೨

ಹಳಿ ಕಿತ್ತರು. ಹಳಿಯಡಿಯ ಸ್ಲೀಪರ್ ತೊಲೆಗಳನ್ನು ರಸ್ತೆ ಬದಿಯಲ್ಲಿ ಒಟ್ಟಿದ್ದಾರೆ. ಯಂತ್ರ ಬಂದು ನೆಲ ತಟ್ಟುತ್ತಿದೆ. ಇನ್ನು ಸೈಡಿಂಗ್ ಅಂದರೆ ಲೋಕದಲ್ಲಿ ನಮ್ಮ ಮನೆಯಲ್ಲಿರುವುದೊಂದೇ.

ಅಣ್ಣ ಯೂನಿಯನ್ ಆಫೀಸಿಗೆ ಹೋಗಿದ್ದಾಗ ಮೇಲ್ತುದಿಯ ಕೆಳಗೆ ಪ್ಲೈವುಡ್ ಪಟ್ಟಿ ಕೊಟ್ಟೆ. ಎರಡು ಬೆರಳು, ಇಲ್ಲ. ಮೂರು, ಹೊರಟು ನಿಂತಿತು. ನಾಲ್ಕು ಬೆರಳಿಗೆ ತುಂಬಿದ ವ್ಯಾಗನ್ ತಾನಾಗಿ ಹೊರಟು ಮೆತ್ತಗೆ ಹೋಗಿ ಕೆಳಗಿನದಕ್ಕೆ ಬಡಿಯಿತು. ನಿಜದ ವ್ಯಾಗನ್ ಹೇಗೆ ಹೋಗುತ್ತಿತ್ತೋ ಥೇಟ್ ಹಾಗೆ. ಪಟ್ಟಿ ಕಾಣದ ಹಾಗೆ ಮುಂದೆ ಒಂದು ಅಂಚು ಹೊಡೆದೆ.

ಅತ್ತಿಗೆ ನೋಡಿದರು. "ಅವರಿಗೆ ಹೇಳ್ಬೇಡ," ಅಂದರು. ಅಂಚು ಮುಟ್ಟಿ ನೋಡಿ, "ಇದು ಸುಳ್ಳಾ?" ಅಂದರು.

"ಇಳಿಜಾರು ಸುಳ್ಳು ಅತ್ತಿಗೆ. ವ್ಯಾಗನ್ ಹೋಗೋದು ನಿಜ."

"ನನಗೆ ಅರ್ಥ ಆಗ್ಲಿಲ್ಲ. ಹೋಗುತ್ತಲ್ಲ, ಅಷ್ಟು ಸಾಕು."

ಯೂನಿಯನ್ ಕಾರ್ಯದರ್ಶಿ ಬಂದು ನೋಡಿ ನನ್ನ ಬೆನ್ನು ತಟ್ಟಿದರು. ಪಟ್ಟಿಯ ವಿಷಯ ಅವರಿಗೂ ಹೇಳಲಿಲ್ಲ.

ಏಪ್ರಿಲ್ ೮

ವಿಚಾರಣೆ ಆಯಿತು.

ಗಣಿಯ ಆಫೀಸಿನ ಮೇಲಿನ ಕೋಣೆ. ಅಧಿಕಾರಿ ಒಬ್ಬರು ಮೇಡಂ, ಒಳ್ಳೆಯವರ ಹಾಗೇ ಕಂಡರು. ಹಲಗೆ ನೋಡಿ ಕನ್ನಡಕ ಹಾಕಿಕೊಂಡು ಎದ್ದೇ ಬಂದರು. "ಯಾರು ಮಾಡಿದ್ದು ಇದು?" ನಾನು ಅಂದೆ. "ತುಂಬಾ ಚೆನ್ನಾಗಿದೆ" ಅಂದರು. ಆಮೇಲೆ, ಸಂಬಂಧಪಟ್ಟವರು ಮಾತ್ರ ಮಾತಾಡಬೇಕು, ಉಳಿದವರು ಗೋಡೆ ಪಕ್ಕ ಕೂರಬೇಕು ಅಂದರು. ಗೋಡೆ ಪಕ್ಕ ನಾನು, ಅತ್ತಿಗೆ, ಪಕ್ಕದ ಮನೆ ಅಕ್ಕ. ಎದುರು ಕಂಪನಿಯ ಎಂಜಿನಿಯರ್, ಮುಂದೆ ಸುತ್ತಿಟ್ಟ ನಕಾಶೆ.

ಕಾರ್ಯದರ್ಶಿ ವ್ಯಾಗನ್ನನ್ನು ತೊಟ್ಟಿಯ ಕೆಳಗಿಟ್ಟು, "ಮೇಡಂ, ದಯವಿಟ್ಟು ಗಮನಿಸಿ" ಅಂದರು.

ಅಣ್ಣ ಎದ್ದ. "ಒಂದ್ನಿಮಿಷ" ಅಂದ.

ಮೇಲ್ತುದಿಗೆ ಹೋಗಿ ಮಂಡಿಯೂರಿದ. ಅಂಚಿನ ಹಿಂದೆ ಕೈ ಹಾಕಿ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಮೇಡಂ ಮೇಜಿನ ಮೇಲಿಟ್ಟ. ಮೂರು. ಒಂದು ಬೆರಳಿನದನ್ನು ಅಲ್ಲೇ ಬಿಟ್ಟ. ಯಾವಾಗ ನೋಡಿದ್ದನೋ ಗೊತ್ತಿಲ್ಲ. ಅದರ ಕೆಳಗೇ ಮಲಗುವವನು, ನೋಡದೆ ಇರುತ್ತಾನೆಯೇ.

"ಇಷ್ಟು ಇರ್ಲಿಲ್ಲ ಮೇಡಂ. ತಮ್ಮ ಪ್ರೀತಿಗೆ ಕೊಟ್ಟಿದಾನೆ. ಇಳಿಜಾರು ಇರೋದು ಇಷ್ಟೇ."

ವ್ಯಾಗನ್ ನಿಂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಎಂಜಿನಿಯರ್ ಬಾಯಿ ತೆರೆಯಲೇ ಇಲ್ಲ, ನಕಾಶೆಯನ್ನು ಬಿಚ್ಚಲೂ ಇಲ್ಲ. ಅಗತ್ಯವೇ ಬೀಳಲಿಲ್ಲ.

ನಾನು ಎದ್ದು ನಿಂತೆ. "ಮೇಡಂ, ಚಿಕ್ಕದು ಹೋಗಲ್ಲ, ಆದ್ರೆ ದೊಡ್ಡದು—"

"ಕೂತ್ಕೊಳ್ಳಿ."

"ಭಾರಕ್ಕೆ ಮೇಡಂ, ನಮ್ಮ ಅಂಗಡೀಲಿ ಗಾಡಿ ಇದೆ, ಬಂದು ನೋಡಿ—"

"ನೋಡಿ, ನಿಮ್ಮ ಕಷ್ಟ ಅರ್ಥ ಆಗುತ್ತೆ. ದಯವಿಟ್ಟು ಕೂತ್ಕೊಳ್ಳಿ."

ಅತ್ತಿಗೆ ನನ್ನ ಅಂಗಿ ಎಳೆದು ಕೂರಿಸಿದರು. ಮೇಡಂ ಅಣ್ಣನನ್ನು ಕೇಳಿದರು, "ಹಾರೆ ಎಲ್ಲಿತ್ತು ಆಗ?"

"ಗೋಡೆಗೆ ಒರಗಿಸಿದ್ದೆ ಅಂತ ಹೇಳಿದ್ದೆ."

"ಈಗ?"

ಅಣ್ಣ ಹಲಗೆಯ ಮೇಲಿನ ಶೆಡ್ಡನ್ನು ನೋಡಿದ. ಅಲ್ಲಿ ಗೋಡೆಗೆ ಒರಗಿಸಿ ನಾನು ಒಂದು ಗುಂಡುಸೂಜಿ ಅಂಟಿಸಿದ್ದೆ. ಹಾರೆ. ಅದನ್ನು ಅಂಟಿಸು ಎಂದವನು ಅವನೇ.

"ಖಾತ್ರಿ ಇಲ್ಲ ಮೇಡಂ," ಅಂದ.

ಏಪ್ರಿಲ್ ೯

ಏನೂ ಇಲ್ಲ.

ಏಪ್ರಿಲ್ ೨೬

ಅಣ್ಣನ ಮೇಲೆ ಸಿಟ್ಟು ಮಾಡೋಣ ಎಂದು ನೋಡಿದೆ. ಆಗುತ್ತಿಲ್ಲ. ನೀರು ಹಿಡಿದು ತರುತ್ತಾನೆ, ಅತ್ತಿಗೆಗೆ ತರಕಾರಿ ಹೆಚ್ಚಿ ಕೊಡುತ್ತಾನೆ, ಕೇಳಿದರೆ ಉತ್ತರ ಕೊಡುತ್ತಾನೆ. ಸಂಜೆ ನಾನು ಬಂದ ತಕ್ಷಣ ಚಹಾ ಮುಂದಿಡುತ್ತಾನೆ. ಮೊದಲಿಗಿಂತ ಸರಿಯಾಗಿದ್ದಾನೆ ಅನ್ನಬೇಕು ನೋಡಿದವರು. ಉದ್ದಣ್ಣನನ್ನು ಕೊಂದವನು ತಾನು ಎಂದು ಒಪ್ಪಿಕೊಂಡು ಕೂತವನ ಸಮಾಧಾನ ಅದು. ಗೊತ್ತಿಲ್ಲದೆ ಇರುವುದಕ್ಕಿಂತ ಅದು ಸಲೀಸೋ ಏನೋ.

ಇವತ್ತು ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ನೋಡಿದೆ. ಮೂವರಿಗೆ ಸಾಕು. ಮನೆಯವರು ಎರಡು ವರ್ಷದ ಕರಾರು ಅಂದರು, ಸಹಿ ಹಾಕಿ ಬಂದೆ. ಗಾಳಿ ಚೆನ್ನಾಗಿದೆ. ಅಡುಗೆ ಕಟ್ಟೆ ಅತ್ತಿಗೆಗೆ ಎತ್ತರವಾಗಬಹುದು.

ಮೇ ೩

ತೀರ್ಪು ಬಂದಿದ್ದು ಹೋದ ವಾರ. ವ್ಯಾಗನ್ ತಾನಾಗಿ ಚಲಿಸಿತೆನ್ನಲು ಆಧಾರ ಕಂಡುಬಂದಿಲ್ಲ, ಅಂತ. ಬ್ರೇಕಿನ ಬಗ್ಗೆ ಒಂದು ಸಾಲು: ಪರಿಶೀಲಿಸಲು ವ್ಯಾಗನ್ ಲಭ್ಯವಿರಲಿಲ್ಲ. ಕೆಲಸ ಹೋಯಿತು. ಮನೆ ಖಾಲಿ ಮಾಡಬೇಕು. ಇವತ್ತು ಮಾಡಿದೆವು.

ಅಂಗಡಿಯ ಟೆಂಪೋ ಕೆಳಗೆ ನಿಂತಿತ್ತು. ಪಾತ್ರೆ, ಹಾಸಿಗೆ ಎಲ್ಲ ಇಳಿಸಿ ಆಗಿತ್ತು. ಕೋಣೆಯಲ್ಲಿ ಉಳಿದದ್ದು ಹಲಗೆಯೊಂದೇ. ಅತ್ತಿಗೆ ಅದನ್ನು ಒಲೆಗೆ ಹಾಕು ಅಂದಿದ್ದರು, ಅಣ್ಣ ಬೇಡ ಅಂದಿದ್ದ. ಅಂಗಡಿಯ ಅಟ್ಟದ ಮೇಲೆ ಇಡುವುದು ಎಂದು ತೀರ್ಮಾನವಾಗಿತ್ತು.

ಪಕ್ಕದ ಮನೆ ಅಕ್ಕ ಬಂದರು. ಮಾರ್ಚ್‌ನಿಂದ ನಮ್ಮ ಮನೆ ಹೊಸಿಲು ತುಳಿದಿರಲಿಲ್ಲ. ಅಣ್ಣ ಖಾಲಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ, ಅವರನ್ನು ನೋಡಿ ಎದ್ದು ನಿಂತ.

"ಹೋಗ್ತಿದೀರಲ್ಲ," ಅಂದರು ಅಕ್ಕ. "ಒಂದು ಮಾತು ಕೇಳ್ತೀನಿ. ಮೇಡಂಗೆ ಏನ್ ಹೇಳಿದ್ರೋ ಅದು ಬಿಡಿ. ಕಂಪನಿ ಏನ್ ಬರೆದಿದೆಯೋ ಅದೂ ಬಿಡಿ. ನೀವು ಬಿಟ್ರೋ ಇಲ್ವೋ, ನನಗೆ ಹೇಳಿ. ಏನ್ ಹೇಳ್ತೀರೋ ಅದನ್ನೇ ನಂಬ್ತೀನಿ. ಇವತ್ತಿಂದ ಇನ್ನೊಂದು ಯೋಚನೆ ಮಾಡಲ್ಲ."

ಅಣ್ಣನ ಕೈ ಅಂಗಿಯ ತುದಿಯನ್ನು ತಿರುವುತ್ತಿತ್ತು.  ಅತ್ತಿಗೆ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತರು.

"ಗೊತ್ತಿಲ್ಲಮ್ಮ," ಅಂದ ಅಣ್ಣ. "ನಿಜವಾಗ್ಲೂ ಗೊತ್ತಿಲ್ಲ."

ಫೆಬ್ರವರಿಯಲ್ಲಿ ಕೇಳಿದ್ದರೆ ಇಲ್ಲ ಅನ್ನುತ್ತಿದ್ದ. ಒಂದೇ ಉಸಿರಿಗೆ ಅನ್ನುತ್ತಿದ್ದ.

ನಾನು ತಡೆಯಲಾರದೆ ಹೇಳಿದೆ, "ಇಲ್ಲ ಅಕ್ಕ. ಅಣ್ಣ ಬಿಟ್ಟಿಲ್ಲ. ನಾನು ಹೇಳ್ತೀನಿ ಕೇಳಿ, ಬಿಟ್ಟಿಲ್ಲ."

ಅಕ್ಕ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಮುಖದಲ್ಲಿ.

"ನೀನು ಅಲ್ಲಿದ್ಯಾ?"

"ಇರ್ಲಿಲ್ಲ."

ಅಕ್ಕ ಹೂಂ ಅಂದರು. ಅಣ್ಣ ಅವರನ್ನು ದಾಟಿ ಕೆಳಗೆ ಇಳಿದು ಹೋದ, ಅತ್ತಿಗೆ ಅವನ ಹಿಂದೆ. ಕೋಣೆಯಲ್ಲಿ ನಾವಿಬ್ಬರೇ. ಎಂಟಡಿ ಹಲಗೆ ಒಬ್ಬನಿಂದ ಎತ್ತಲಾಗುವುದಿಲ್ಲ. ನಾನು ಒಂದು ತುದಿ ಹಿಡಿದು ನಿಂತಿದ್ದೆ, ಯಾರನ್ನು ಕರೆಯುವುದು ಎಂದು. ಅಕ್ಕ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ತುದಿ ಹಿಡಿದರು.

"ನಡಿ," ಅಂದರು.

ಬಾಗಿಲು ದಾಟಿಸಿ ಮೆಟ್ಟಿಲಿಗೆ ಬಂದೆವು. ಮುಂದೆ ನಾನು, ಮೇಲೆ ಅವರು. ಎರಡನೇ ಮೆಟ್ಟಿಲಲ್ಲಿ ಹಲಗೆ ಓರೆಯಾಯಿತು. ತುಂಬಿದ ವ್ಯಾಗನ್ನನ್ನು ನಾನು ಎತ್ತಿಟ್ಟಿರಲಿಲ್ಲ. ಅದು ತೊಟ್ಟಿಯ ಅಡಿಯಿಂದ ಹೊರಟು ಸರ್ರನೆ ಇಳಿದು ಕೆಳಗಿನ ಮೂರಕ್ಕೆ ಟಕ್ ಎಂದು ಬಡಿಯಿತು. ಜಲ್ಲಿಪುಡಿ ನನ್ನ ಕೈ ಮೇಲೆ ಚೆಲ್ಲಿತು.

ಅಕ್ಕ ನಿಂತರು. ನಾನೂ ನಿಂತೆ. ಅಷ್ಟು ಓರೆಯಾದರೆ ಯಾವುದೇ ಆದರೂ ಉರುಳುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಅವರಿಗೂ ಅದು ಗೊತ್ತಿತ್ತು.

"ಹುಷಾರು," ಅಂದರು ಮೇಲಿನಿಂದ. "ಕೆಳಗೆ ನೋಡ್ಕೊಂಡು ಇಳಿ."